ನುಕ್ರಾ ಜೋಡಿಗೆ ಹೊಂಬಣ್ಣದ ಮರಿ: ಮಾರ್ವಾಡಿ ಕುದುರೆಯ ಬಣ್ಣದ ಲೆಕ್ಕ ಗೊತ್ತಿದ್ದವರು ಹೇಳಿ

ದಿಬ್ಬಣದ ಕುದುರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ ಕಡೆ ಮದುವೆಗೆ ಕುದುರೆ, ಸಾರೋಟು ಕೊಡುವ ಕೆಲಸ. ಮನೆಯಲ್ಲಿ ಒಂದು ಮಾರ್ವಾಡಿ ಹೆಣ್ಣು ಇದೆ, ಸಾರಂಗಖೇಡಾ ಜಾತ್ರೆಯಲ್ಲಿ ತಂದದ್ದು. ನುಕ್ರಾ. ಮೈಯೆಲ್ಲ ಬಿಳಿ, ಮೂತಿ ಗುಲಾಬಿ, ಕಣ್ಣು ತಿಳಿ ನೀಲಿ. ಒಂದು ಒಳ್ಳೆ ಮರಿ ತೆಗೆಯೋಣ ಅಂತ ಬೇರೆ ಊರಿನವರ ನುಕ್ರಾ ಗಂಡಿಗೆ ಕೂಡಿಸಿದೆವು. ಅದೂ ಬಿಳಿ, ಅದರ ಮೂತಿಯೂ ಗುಲಾಬಿ. ಈಗ ಮರಿ ಹಾಕಿದೆ. ಮರಿ ಗಟ್ಟಿಯಾಗಿದೆ, ಹಾಲು ಕುಡಿಯುತ್ತಿದೆ, ಕಿವಿಯ ತುದಿಗಳು ಒಂದಕ್ಕೊಂದು ತಾಗುವ ಹಾಗೆ ಬಾಗಿವೆ, ಅದರಲ್ಲಿ ಮಾತಿಲ್ಲ. ಆದರೆ ಬಣ್ಣ ಬಿಳಿ ಅಲ್ಲ! ಮೈ ಹೊಂಬಣ್ಣ, ಜೂಲು ಮತ್ತು ಬಾಲ ಮಾತ್ರ ಬೆಳ್ಳಗೆ.

ಗಂಡಿನ ಮಾಲೀಕರಿಗೆ ಫೋಟೊ ಕಳಿಸಿದರೆ "ಇದು ನಮ್ಮ ಕುದುರೆಯದಲ್ಲ, ನಿಮ್ಮ ಲಾಯದಲ್ಲೇ ಬೇರೆ ಏನೋ ನಡೆದಿದೆ" ಅಂದರು. ನಮ್ಮ ಮಾವ ಅದಕ್ಕೆ ಉಲ್ಟಾ: "ಅವರೇ ಬೇರೆ ಗಂಡು ಬಿಟ್ಟಿದ್ದಾರೆ, ಕೊಟ್ಟ ದುಡ್ಡು ವಾಪಸ್ ಕೇಳು" ಅನ್ನುತ್ತಾರೆ. ನುಕ್ರಾಗೆ ನುಕ್ರಾ ಕೂಡಿಸಿದರೆ ನುಕ್ರಾನೇ ಹುಟ್ಟಬೇಕು ಅಲ್ವಾ? ಜಗಳಕ್ಕೆ ಹೋಗುವ ಮೊದಲು ಒಂದು ಮಾತು ಕೇಳೋಣ ಅಂತ ಬರೆಯುತ್ತಿದ್ದೇನೆ.

ಹಳೇ ಸವಾರ

ಮರಿ ಹೊಂಬಣ್ಣ ಅಂದ್ರೆ ಬೇಜಾರು ಯಾಕಪ್ಪಾ, ಖುಷಿಪಡಬೇಕು. ಜೂಲು ಬಿಳಿ ಇರುವ ಹೊಂಬಣ್ಣದ ಕುದುರೆ ದಿಬ್ಬಣದಲ್ಲಿ ನಿಂತರೆ ಮದುಮಗನನ್ನು ಯಾರೂ ನೋಡುವುದಿಲ್ಲ. ಅದಿರಲಿ, ಹೆಣ್ಣಿನ ಕಣ್ಣು ನೀಲಿ ಅಂತ ಬರೆದಿರಿ. ಗಂಡಿನ ಕಣ್ಣು ಯಾವ ಬಣ್ಣ? ಅದನ್ನು ಬರೆಯಲೇ ಇಲ್ಲ.

ದಿಬ್ಬಣದ ಕುದುರೆ

ಗಂಡಿನ ಕಣ್ಣು ಕಡು ಕಂದು, ಹೆಚ್ಚೂಕಡಿಮೆ ಕಪ್ಪು. "ಬೆಕ್ಕಿನ ಕಣ್ಣು ಇಲ್ಲ, ಆದ್ದರಿಂದ ಇದು ಇನ್ನೂ ಉತ್ತಮ ನುಕ್ರಾ" ಅಂತ ಅವರು ಹೇಳಿದ್ದರು.

ಬೀದರ್ ಪಶುವೈದ್ಯೆ

ಹಳೇ ಸವಾರರು ಸರಿಯಾದ ಪ್ರಶ್ನೆ ಕೇಳಿದರು. ಉತ್ತರದಲ್ಲೇ ಗುಟ್ಟಿದೆ. ಅಣ್ಣ, ಸದ್ಯಕ್ಕೆ ದುಡ್ಡು ವಾಪಸ್ ಕೇಳಬೇಡಿ, ಇಬ್ಬರೂ ನಿಜ ಹೇಳುತ್ತಿರಬಹುದು. ಸ್ವಲ್ಪ ಉದ್ದ ಬರೆಯುತ್ತೇನೆ.

ಕುದುರೆಯ ಕೂದಲಲ್ಲಿ ಮೂಲದಲ್ಲಿ ಇರುವುದು ಎರಡೇ ಬಣ್ಣ, ಕೆಂಪು ಮತ್ತು ಕಪ್ಪು. ಎಂಸಿ1ಆರ್ ಅನ್ನುವ ಜೀನ್ ಕಪ್ಪು ಮಾಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತದೆ. ಅದರ ಕೆಟ್ಟುಹೋದ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಕುದುರೆ ಪೂರ್ತಿ ಕೆಂಪು. ರೇಸ್ ಪುಸ್ತಕದಲ್ಲಿ ಚೆಸ್ಟ್‌ನಟ್ ಅಂತ ಬರೆಯುತ್ತಾರಲ್ಲ, ಅದು. ಒಂದಾದರೂ ಕೆಲಸ ಮಾಡುವ ಪ್ರತಿ ಇದ್ದರೆ ಕಪ್ಪು ಬರುತ್ತದೆ. ಆ ಕಪ್ಪು ಮೈಯೆಲ್ಲ ಹರಡಬೇಕೋ, ಬರೀ ಕಾಲು, ಜೂಲು, ಬಾಲದಲ್ಲಿ ನಿಲ್ಲಬೇಕೋ ಅನ್ನುವುದನ್ನು ಇನ್ನೊಂದು ಜೀನ್ ನೋಡಿಕೊಳ್ಳುತ್ತದೆ, ಅದರ ಹೆಸರು ಅಗೂಟಿ. ಕೆಂಪು ಮೈ, ಕಪ್ಪು ಕಾಲು, ಕಪ್ಪು ಜೂಲು ಇರುವ ಕುದುರೆ ಹೀಗೆ ಆಗುತ್ತದೆ. ಅದು ಬೇ.

ಇವೆರಡರ ಮೇಲೆ ಉಳಿದ ಜೀನ್‌ಗಳು ಕೈಯಾಡಿಸುತ್ತವೆ. ನಿಮ್ಮ ಹೆಣ್ಣಿನ ವಿಷಯಕ್ಕೆ ಬರುವುದು ಕ್ರೀಮ್ ಜೀನ್. ಇದರ ಒಂದು ಪ್ರತಿ ಇದ್ದರೆ ಕೆಂಪು ತೆಳುವಾಗಿ ಹೊಂಬಣ್ಣ ಆಗುತ್ತದೆ, ಕಪ್ಪಿನ ಮೇಲೆ ಕಣ್ಣಿಗೆ ಕಾಣುವಷ್ಟು ಪರಿಣಾಮ ಇರುವುದಿಲ್ಲ. ಎರಡು ಪ್ರತಿ ಇದ್ದರೆ ಕೆಂಪೂ ಹೋಗಿ ಕಪ್ಪೂ ಹೋಗಿ ಮೈಯೆಲ್ಲ ಕೆನೆಬಿಳಿ, ಚರ್ಮ ಗುಲಾಬಿ, ಕಣ್ಣು ತಿಳಿ ನೀಲಿ. ನಿಮ್ಮ ವರ್ಣನೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹಾಗಿದ್ದರೆ ಅವಳ ಬಳಿ ಕ್ರೀಮ್ ಎರಡು ಪ್ರತಿ ಇವೆ. ಹುಟ್ಟುವ ಪ್ರತಿಯೊಂದು ಮರಿಗೂ ಒಂದನ್ನು ಕೊಟ್ಟೇ ಕೊಡುತ್ತಾಳೆ. ಬೇರೆ ದಾರಿಯೇ ಇಲ್ಲ.

ಈಗ ಗಂಡು. ಬಿಳಿ ಮೈ, ಗುಲಾಬಿ ಚರ್ಮ, ಕಪ್ಪು ಕಣ್ಣು. ಇದು ಕ್ರೀಮ್ ಅಲ್ಲ. ಇದು ಹೆಚ್ಚಾಗಿ ಕಿಟ್ ಅನ್ನುವ ಜೀನ್‌ನಿಂದ ಬರುವ ಬಿಳಿ. ಇಲ್ಲಿ ಬಣ್ಣ ತೆಳುವಾಗಿಲ್ಲ, ಬಣ್ಣ ಮಾಡುವ ಜೀವಕೋಶಗಳೇ ಚರ್ಮಕ್ಕೆ ಬಂದು ತಲುಪಿಲ್ಲ. ಒಳಗೆ ಆ ಕುದುರೆ ಕೆಂಪಿರಬಹುದು, ಕಪ್ಪಿರಬಹುದು, ನಮಗೆ ಕಾಣುವುದಿಲ್ಲ. ಈ ಬಿಳಿ ಬರಲು ಒಂದು ಪ್ರತಿ ಸಾಕು. ಸಾಮಾನ್ಯವಾಗಿ ಒಂದೇ ಇರುತ್ತದೆ, ಆದ್ದರಿಂದ ಅರ್ಧದಷ್ಟು ಮರಿಗಳಿಗೆ ಅದು ದಾಟುವುದಿಲ್ಲ.

ಈಗ ಕೂಡಿಸಿ ನೋಡಿ. ಅಮ್ಮನಿಂದ ಒಂದು ಕ್ರೀಮ್ ಬಂತು. ಅಪ್ಪನ ಬಿಳಿ ಬರಲಿಲ್ಲ. ಕೆಂಪಿನ ಪ್ರತಿ ಇಬ್ಬರಿಂದಲೂ ಬಂತು. ಕೆಂಪಿನ ಮೇಲೆ ಒಂದು ಕ್ರೀಮ್ ಅಂದರೆ ಹೊಂಬಣ್ಣದ ಮೈ, ಬಿಳಿ ಜೂಲು. ನಿಮ್ಮ ಮರಿಯೇ!

ದಿಬ್ಬಣದ ಕುದುರೆ

ಮೇಡಂ, ತುಂಬಾ ಥ್ಯಾಂಕ್ಸ್. ಅಂದ್ರೆ ಎರಡೂ ನುಕ್ರಾ, ಆದರೆ ಎರಡರ ಕಾರಣ ಬೇರೆ ಬೇರೆ? ಮಾರುವವರು ಇಬ್ಬರೂ ಒಂದೇ ಹೆಸರು ಹೇಳಿದರಲ್ಲ.

ಬೀದರ್ ಪಶುವೈದ್ಯೆ

ಹೌದು. ಜಾತ್ರೆಯಲ್ಲಿ ಹೇಳುವ ಹೆಸರು ಕಣ್ಣಿಗೆ ಕಂಡ ಬಣ್ಣದ ಹೆಸರು. ಗುಲಾಬಿ ಚರ್ಮದ ಬಿಳಿ ಕುದುರೆ ಅಂದರೆ ನುಕ್ರಾ, ಅಷ್ಟೇ. ಒಳಗೆ ಕ್ರೀಮ್ ಇದೆಯೋ ಕಿಟ್ ಇದೆಯೋ ಅವರಿಗೂ ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಮೂರನೆಯದೂ ಒಂದಿದೆ. ಬಿಳಿ ಮಚ್ಚೆಯ ಬೇರೆ ಬೇರೆ ಜೀನ್‌ಗಳು ಒಂದೇ ಕುದುರೆಯಲ್ಲಿ ಸೇರಿ ಮೈ ಪೂರ್ತಿ ಬಿಳಿ ಆಗುವುದು. ಅದರಲ್ಲಿ ಸ್ಪ್ಲಾಷ್ ಅನ್ನುವ ಬಗೆ ಇದ್ದರೆ ಕಣ್ಣು ನೀಲಿ ಇರಬಹುದು, ಕಿವಿ ಕೇಳದೇ ಇರಬಹುದು. ಅಂಥ ಕುದುರೆಯನ್ನು ಬ್ಯಾಂಡ್ ಸದ್ದಿಗೆ ಹೆದರುವುದಿಲ್ಲ, ಬಹಳ ಸಾಧು ಅಂತ ಮಾರಿದ್ದನ್ನು ಕಂಡಿದ್ದೇನೆ. ಸಾಧುವೂ ಇಲ್ಲ ಏನೂ ಇಲ್ಲ, ಅದಕ್ಕೆ ಬ್ಯಾಂಡ್ ಕೇಳಿಸಿಯೇ ಇಲ್ಲ.

ನಾಲ್ಕನೆಯದನ್ನು ನುಕ್ರಾ ಗುಂಪಿಗೆ ಸೇರಿಸಬೇಡಿ, ಆದರೂ ಜನ ಸೇರಿಸುತ್ತಾರೆ: ವಯಸ್ಸಾದ ಗ್ರೇ ಕುದುರೆ. ಅದರ ಕೂದಲು ಹಾಲಿನ ಹಾಗೆ ಬೆಳ್ಳಗಾಗಿರುತ್ತದೆ, ಆದರೆ ಮೂತಿ, ಕಣ್ಣಂಚು, ಬಾಲದ ಕೆಳಗಿನ ಚರ್ಮ ಕಪ್ಪು. ಹುಟ್ಟುವಾಗ ಅದು ಕಪ್ಪೋ ಕೆಂಪೋ ಇದ್ದು ವರ್ಷ ವರ್ಷ ನರೆಯುತ್ತಾ ಹೋಗುತ್ತದೆ. ನುಕ್ರಾ ಹುಟ್ಟುವಾಗಲೇ ಬಿಳಿ.

ಇನ್ನೊಂದು ಮಾತು. ಎಷ್ಟೋ ಜನ ಇವನ್ನು ಅಲ್ಬಿನೊ ಅನ್ನುತ್ತಾರೆ. ಕುದುರೆಗಳಲ್ಲಿ ನಿಜವಾದ ಅಲ್ಬಿನೊ ಇದುವರೆಗೆ ಕಂಡುಬಂದಿಲ್ಲ.

ರಾಜ್‌ಕೋಟ್ ಕನ್ನಡಿಗ

ನಾನು ಕೆಲಸಕ್ಕೆ ಅಂತ ಬಂದು ಕಾಠಿಯಾವಾಡದಲ್ಲೇ ನೆಲೆಸಿದವನು. ಇಲ್ಲಿ ಕುದುರೆಯ ಬಣ್ಣಕ್ಕೆ ಇರುವಷ್ಟು ಹೆಸರು ನಮ್ಮ ಕಡೆ ಎತ್ತಿಗೂ ಇಲ್ಲ. ಮುಷ್ಕಿ ಅಂದರೆ ಕಪ್ಪು. ಕುಮೈತ್ ಅಂದರೆ ಮೇಡಂ ಹೇಳಿದ ಬೇ. ಸುರಂಗ್ ಅಂದರೆ ಕೆಂಪು. ಸಬ್ಜಾ ಅಂದರೆ ಗ್ರೇ, ಹೆಸರಿನಲ್ಲಿ ಹಸಿರು ಇದ್ದರೂ ಕುದುರೆಯಲ್ಲಿ ಹಸಿರಿಲ್ಲ. ಗ್ರೇ ಮೈಮೇಲೆ ಸಣ್ಣ ಸಣ್ಣ ಚುಕ್ಕೆ ಉಳಿದರೆ ಮಗಸಿ. ಬಿಳಿ ಮತ್ತು ಬೇರೆ ಬಣ್ಣದ ದೊಡ್ಡ ತೇಪೆಗಳಿದ್ದರೆ ಅಬ್ಲಕ್. ಹಳದಿ ಮೈ, ಕಪ್ಪು ಕಾಲು ಇದ್ದರೆ ಸಮಂದ್. ಇವು ಹೆಚ್ಚಿನವು ಫಾರಸಿ, ಅರಬ್ಬಿಯಿಂದ ಬಂದ ಮಾತು. ನುಕ್ರಾ ಅಂದರೆ ಬೆಳ್ಳಿ. ತಮಾಷೆ ಅಂದರೆ ಜೆನೆಟಿಕ್ಸ್‌ನಲ್ಲಿ ಸಿಲ್ವರ್ ಅಂತಲೇ ಬೇರೆ ಒಂದು ಜೀನ್ ಇದೆ, ಅದಕ್ಕೂ ನುಕ್ರಾಗೂ ಸಂಬಂಧವೇ ಇಲ್ಲ.

ಈ ಸಮಂದ್ ವಿಷಯದಲ್ಲೂ ನುಕ್ರಾದ್ದೇ ಕಥೆ. ಬೇ ಕುದುರೆಗೆ ಒಂದು ಕ್ರೀಮ್ ಸೇರಿದರೂ ಹಳದಿ ಮೈ, ಕಪ್ಪು ಕಾಲು ಬರುತ್ತದೆ. ಬೇ ಕುದುರೆಗೆ ಡನ್ ಅನ್ನುವ ಜೀನ್ ಸೇರಿದರೂ ಹಾಗೇ ಕಾಣುತ್ತದೆ. ಇಲ್ಲಿನ ಕಾಠಿಯಾವಾಡಿ ತಳಿಯಲ್ಲಿ ಡನ್ ಜಾಸ್ತಿ. ಬೆನ್ನಿನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಗೀರು, ಕಾಲಿನ ಮೇಲೆ ಜೀಬ್ರಾದ ಹಾಗೆ ಅಡ್ಡಪಟ್ಟಿ, ಕೆಲವಕ್ಕೆ ಹೆಗಲ ಮೇಲೂ ಪಟ್ಟಿ. 1859ರಲ್ಲೇ ಡಾರ್ವಿನ್ ಕಾಠಿಯಾವಾಡದ ಕುದುರೆಗಳ ಪಟ್ಟಿಯ ಬಗ್ಗೆ ಬರೆದಿದ್ದಾನೆ. ಪಟ್ಟಿ ಇಲ್ಲದ ಕುದುರೆಯನ್ನು ಅಲ್ಲಿ ಶುದ್ಧ ತಳಿ ಅಂತ ಒಪ್ಪುವುದಿಲ್ಲ, ಪಟ್ಟಿ ಮರಿಯಲ್ಲಿ ಎದ್ದು ಕಾಣುತ್ತದೆ, ಮುದಿಯಾದಾಗ ಕೆಲವೊಮ್ಮೆ ಮಾಯವಾಗುತ್ತದೆ ಅಂತ. ಭಾರತ ಸರ್ಕಾರಕ್ಕಾಗಿ ಆ ತಳಿಯನ್ನು ಪರೀಕ್ಷೆ ಮಾಡಿದ್ದ ಕರ್ನಲ್ ಪೂಲ್ ಅನ್ನುವವರಿಂದ ಆತ ಇದನ್ನು ಕೇಳಿ ತಿಳಿದದ್ದು. ಕುದುರೆ, ಕತ್ತೆ, ಜೀಬ್ರಾ ಎಲ್ಲದಕ್ಕೂ ಪಟ್ಟಿ ಇದ್ದ ಒಂದೇ ಪೂರ್ವಜ ಇತ್ತು ಅನ್ನಲು ಈ ಮಾತನ್ನು ಬಳಸಿಕೊಂಡ.

ಈಗ ಇಲ್ಲಿ ಪಟ್ಟಿ ಇಲ್ಲದ ಕಾಠಿಯಾವಾಡಿ ಬೇಕಾದಷ್ಟಿವೆ, ಅವೂ ಶುದ್ಧವೇ. ಆದರೆ ಅಪ್ಪಟ ಕಪ್ಪು ಕಾಠಿಯಾವಾಡಿ ಮಾತ್ರ ಸಿಗುವುದಿಲ್ಲ. ತಳಿಯ ವಿವರದಲ್ಲೇ ಕಪ್ಪೊಂದು ಬಿಟ್ಟು ಉಳಿದ ಬಣ್ಣ ಅಂತ ಇರುತ್ತದೆ.

ಬೀದರ್ ಪಶುವೈದ್ಯೆ

ಡನ್ ಬಗ್ಗೆ ಒಂದು ಚೆಂದದ ಸಂಗತಿ ಸೇರಿಸುತ್ತೇನೆ. ಇದರ ಜೀನ್ ಟಿಬಿಎಕ್ಸ್3 ಅಂತ 2016ರಲ್ಲಿ ಗೊತ್ತಾಯಿತು. ಕ್ರೀಮ್ ಜೀನ್ ಕೂದಲಿನ ಬಣ್ಣವನ್ನೇ ಕಡಿಮೆ ಮಾಡುತ್ತದೆ. ಡನ್ ಹಾಗಲ್ಲ. ಡನ್ ಇರುವ ಕೂದಲನ್ನು ಅಡ್ಡ ಕೊಯ್ದು ನೋಡಿದರೆ ಬಣ್ಣವೆಲ್ಲ ಒಂದೇ ಬದಿಗೆ ಕೂತಿರುತ್ತದೆ, ಇನ್ನೊಂದು ಬದಿ ಖಾಲಿ. ಅದಕ್ಕೇ ದೂರದಿಂದ ತೆಳು ಬಣ್ಣ. ಬೆನ್ನಿನ ಗೀರಿನ ಜಾಗದಲ್ಲಿ ಕೂದಲು ಸುತ್ತಲೂ ಬಣ್ಣ ತುಂಬಿರುತ್ತದೆ, ಅದಕ್ಕೇ ಅದು ಕಡು. ಕುದುರೆಯ ಮೂಲ ಬಣ್ಣವೇ ಡನ್, ನಾವು ಮಾಮೂಲಿ ಅನ್ನುವ ಕೆಂಪು, ಕಪ್ಪು, ಬೇ ಎಲ್ಲ ಆಮೇಲೆ ಡನ್ ಕಳೆದುಕೊಂಡವು. ಕಳೆದುಕೊಂಡದ್ದರಲ್ಲೂ ಎರಡು ಬಗೆ. ಒಂದು ಬಗೆಯಲ್ಲಿ ಮೈ ಗಾಢ ಬಣ್ಣಕ್ಕೆ ಬಂದರೂ ಮಸುಕಾದ ಗೀರು ಉಳಿದಿರುತ್ತದೆ. ಸುಮಾರು 43 ಸಾವಿರ ವರ್ಷ ಹಿಂದಿನ ಕುದುರೆಯ ಡಿಎನ್‌ಎಯಲ್ಲೇ ಇದು ಸಿಕ್ಕಿದೆ, ಅಂದರೆ ಮನುಷ್ಯ ಕುದುರೆಯನ್ನು ಪಳಗಿಸುವ ಎಷ್ಟೋ ಮೊದಲು.

ಆದ್ದರಿಂದ ಬೆನ್ನಿನ ಮೇಲೆ ಸಣ್ಣ ಗೀರು ಕಂಡ ತಕ್ಷಣ ಡನ್ ಅಂತ ಬರೆದುಕೊಳ್ಳಬೇಡಿ. ಡನ್‌ಗೆ ಒಂದು ಪ್ರತಿ ಸಾಕು, ಅದು ಅಡಗಿ ಕೂರುವ ಜೀನ್ ಅಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಾದರೂ ಡನ್ ಇಲ್ಲದಿದ್ದರೆ ಮರಿಗೆ ಬರುವುದಿಲ್ಲ. ತೀರಾ ಬಿಳಿ ಮೈಯ ನುಕ್ರಾ ಅಥವಾ ಗ್ರೇ ಒಳಗೆ ಡನ್ ಇದ್ದರೆ ಕಾಣುವುದಿಲ್ಲ, ಅದೊಂದು ಬೇರೆ.

ಕೋಶ ಓದುವವಳು

ಬಣ್ಣದ ಹೆಸರು ಅಂದಾಗ ಸುಮ್ಮನಿರಲು ಆಗಲಿಲ್ಲ. ರಾಜ್‌ಕೋಟ್ ಅಣ್ಣ, ನೀವಿರುವ ಗುಜರಾತಿನಲ್ಲೇ ಹನ್ನೆರಡನೆಯ ಶತಮಾನದಲ್ಲಿ ಜೈನ ಆಚಾರ್ಯ ಹೇಮಚಂದ್ರರು ತಮ್ಮ ಸಂಸ್ಕೃತ ಕೋಶದಲ್ಲಿ ಕುದುರೆಯ ಬಣ್ಣಗಳ ಒಂದು ಪಟ್ಟಿಯನ್ನೇ ಕೊಟ್ಟಿದ್ದಾರೆ. ಆ ಹೆಸರುಗಳು ಸಂಸ್ಕೃತದ ಹಾಗೆ ಕೇಳಿಸುವುದೇ ಇಲ್ಲ. ಕೋಕಾಹ, ಖುಂಗಾಹ, ಕಿಯಾಹ, ವೋಲ್ಲಾಹ, ಉರಾಹ, ಸುರೂಹಕ, ಹಲಾಹ! ಹೊರಗಿನಿಂದ ಕುದುರೆ ತಂದ ವ್ಯಾಪಾರಿಗಳ ಬಾಯಿಂದ ಬಂದ ಮಾತುಗಳು ಅಂತ ವಿದ್ವಾಂಸರ ಅಭಿಪ್ರಾಯ.

ಮಜಾ ಇರುವುದು ಅರ್ಥದಲ್ಲಿ. ಕೋಕಾಹ ಬಿಳಿ, ಖುಂಗಾಹ ಕಪ್ಪು, ಕಿಯಾಹ ಕೆಂಪು. ವೋಲ್ಲಾಹ ಅಂದರೆ ಕಪಿಲ ಬಣ್ಣದ ಮೈ, ಬೆಳ್ಳನೆಯ ಜೂಲು ಮತ್ತು ಬಾಲ. ದಿಬ್ಬಣದ ಕುದುರೆ ಅವರ ಮರಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ಉರಾಹ ಅಂದರೆ ತುಸು ಬೆಳ್ಳಗಿನ ಮೈ, ಕಪ್ಪು ಕಾಲು. ಅದು ಇವತ್ತಿನ ಸಮಂದ್. ಸುರೂಹಕ ಅಂದರೆ ಕತ್ತೆಯ ಬಣ್ಣ. ಕಪ್ಪು ಕುದುರೆಗೆ ಡನ್ ಸೇರಿದರೆ ಇಲಿಬಣ್ಣ ಬರುತ್ತದೆ ಅಂತ ಓದಿದ ನೆನಪು, ಅದೇ ಇರಬೇಕು, ಅಲ್ವಾ ಡಾಕ್ಟರ್? ಹಲಾಹ ಅಂದರೆ ಚಿತ್ರವಿಚಿತ್ರ ಬಣ್ಣದ್ದು, ಅಬ್ಲಕ್.

ನಮ್ಮಲ್ಲೂ ಕಡಿಮೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಅದೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿ, ಕುದುರೆ ಆಟಕ್ಕೆ ಅಂತಲೇ ಭಾಗ ಇದೆ. ಆಮೇಲೆ ವಿಜಯನಗರದ ಕಾಲದಲ್ಲಿ ಭಟ್ಕಳ, ಗೋವಾದ ಬಂದರಿನಿಂದ ಅರಬ್ಬಿ ಕುದುರೆ ಬರುತ್ತಿದ್ದವು. ಇಷ್ಟೆಲ್ಲ ಆದರೂ ನಮ್ಮ ಊರಲ್ಲಿ ಈಗ ಉಳಿದಿರುವುದು ಬಿಳಿ ಕುದುರೆ, ಕಪ್ಪು ಕುದುರೆ, ಕೆಂಪು ಕುದುರೆ. ಮತ್ತೆ ಪಂಚಕಲ್ಯಾಣಿ.

ಬೀದರ್ ಪಶುವೈದ್ಯೆ

ಹೌದು, ಕಪ್ಪಿನ ಮೇಲೆ ಡನ್ ಬಂದರೆ ಇಲಿಬಣ್ಣವೇ. ಕತ್ತೆಯ ಬಣ್ಣಕ್ಕೆ ಬಹಳ ಹತ್ತಿರ. ಉರಾಹವನ್ನು ಮಾತ್ರ ಕ್ರೀಮ್ ಅಂತಲೋ ಡನ್ ಅಂತಲೋ ಹೇಳುವ ಹಾಗಿಲ್ಲ, ಬೆನ್ನಿನ ಗೀರಿನ ಮಾತು ಅಲ್ಲಿ ಇದ್ದಿದ್ದರೆ ಹೇಳಬಹುದಿತ್ತು.

ಹಳೇ ಸವಾರ

ಎಲ್ಲ ಸರಿ ತಾಯಿ, ಆದರೆ ಈ ಜೀನು ಗೀನು ಇಲ್ಲದೆ ಮಾರ್ವಾಡದವರು ಇಷ್ಟು ವರ್ಷ ಕುದುರೆ ಸಾಕಿಲ್ವಾ? ಅವರ ಲೆಕ್ಕ ಬೇರೆ. ಕಪ್ಪು ಬೇಡ, ಅದು ಸಾವಿನ ಬಣ್ಣ. ನಾಲ್ಕು ಕಾಲು ಬಿಳಿ, ಹಣೆ ಬಿಳಿ ಇದ್ದರೆ ಪಂಚಕಲ್ಯಾಣಿ, ಮನೆಗೆ ಶುಭ. ಅದರ ಮೇಲೆ ಎದೆ, ಜೂಲು, ಬಾಲವೂ ಬಿಳಿಯಾದರೆ ಅಷ್ಟಮಂಗಲ. ಆಮೇಲೆ ಸುಳಿ. ನಾನು ಕುದುರೆ ಕೊಳ್ಳುವಾಗ ಮೊದಲು ಸುಳಿ ನೋಡುತ್ತೇನೆ, ಬಣ್ಣ ಆಮೇಲೆ. ನಮ್ಮಪ್ಪ ಎತ್ತಿಗೂ ಹಾಗೇ ಮಾಡುತ್ತಿದ್ದರು. ಸುಳಿ ಕೆಟ್ಟದ್ದಿದ್ದರೆ ಚಿನ್ನದ ಬಣ್ಣ ಇದ್ದರೂ ಬೇಡ.

ಬೀದರ್ ಪಶುವೈದ್ಯೆ

ಸುಳಿಯ ವಿಷಯಕ್ಕೆ ನಾನು ಬರುವುದಿಲ್ಲ, ನೀವು ಬಿಡುವವರಲ್ಲ. ಆದರೆ ಪಂಚಕಲ್ಯಾಣಿ ಬಗ್ಗೆ ಹೇಳಲೇಬೇಕು. ಕಾಲಿನ ಬಿಳಿ, ಹಣೆಯ ಬಿಳಿ ಒಂದೇ ಜೀನ್‌ನಿಂದ ಬರುವುದಲ್ಲ, ಹಲವು ಸೇರಿ ಮಾಡುತ್ತವೆ. ಗರ್ಭದಲ್ಲಿ ಬಣ್ಣದ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಗೊರಸಿನವರೆಗೆ, ಮೂತಿಯವರೆಗೆ ಸಾಗಬೇಕು. ತಲುಪದಿದ್ದ ಜಾಗ ಬಿಳಿ. ಆದ್ದರಿಂದಲೇ ಬಿಳಿ ಯಾವಾಗಲೂ ತುದಿಯಲ್ಲಿ ಶುರು. ಕೆಂಪು ಕುದುರೆಗಳಲ್ಲಿ ಈ ಬಿಳಿ ಬೇ ಮತ್ತು ಕಪ್ಪು ಕುದುರೆಗಳಿಗಿಂತ ಜಾಸ್ತಿ ಹರಡುತ್ತದೆ. ಪಂಚಕಲ್ಯಾಣಿಯನ್ನೇ ಆರಿಸಿ ಆರಿಸಿ ಸಾಕಿದವರು ಗೊತ್ತಿಲ್ಲದೆ ಕೆಂಪನ್ನೂ ಆರಿಸುತ್ತಿದ್ದರು, ಕಪ್ಪನ್ನು ದೂರ ಇಡುತ್ತಿದ್ದರು. ಕಪ್ಪು ಅಶುಭ ಅನ್ನುವ ಮಾತೂ ಅದಕ್ಕೆ ಸೇರಿತು. ಇದು ನನ್ನ ಊಹೆ, ಆದರೆ ಲೆಕ್ಕ ಹೊಂದುತ್ತದೆ.

ಶುಭ ಅಂತ ಬಿಳಿ ಜಾಸ್ತಿ ಜಾಸ್ತಿ ಮಾಡುತ್ತಾ ಹೋದರೆ ಒಂದು ಕಡೆ ನಿಲ್ಲಬೇಕಾಗುತ್ತದೆ. ಕಿಟ್ ಜೀನ್‌ನ ಕೆಲವು ಬಗೆಯ ಬಿಳಿಗಳು ಎರಡು ಪ್ರತಿ ಬಂದರೆ ಗರ್ಭದಲ್ಲೇ ಭ್ರೂಣ ಉಳಿಯುವುದಿಲ್ಲ ಅಂತ ತಿಳಿದವರು ಭಾವಿಸುತ್ತಾರೆ. ಆದ್ದರಿಂದ ಕಪ್ಪು ಕಣ್ಣಿನ ನುಕ್ರಾಗೆ ಕಪ್ಪು ಕಣ್ಣಿನ ನುಕ್ರಾ ಕೂಡಿಸುವ ಮೊದಲು ಯೋಚಿಸಿ. ಗಬ್ಬ ನಿಲ್ಲಲಿಲ್ಲ ಅಂತ ಹೆಣ್ಣನ್ನು ಬೈಯುತ್ತಾ ಕೂರುವ ಹಾಗೆ ಆಗಬಾರದು.

ಜೂಲು

ಅಬ್ಲಕ್ ಅಬ್ಲಕ್ ಕೂಡಿಸಿದರೆ ಮರಿ ಸಾಯುತ್ತದೆ ಅಂತ ಅಮೆರಿಕದ ಯಾವುದೋ ವಿಡಿಯೊದಲ್ಲಿ ನೋಡಿದೆ. ನನ್ನ ಬಳಿ ಅಬ್ಲಕ್ ಜೋಡಿ ಇದೆ, ಹೆದರಿಕೆ ಆಗಿಬಿಟ್ಟಿದೆ.

ಬೀದರ್ ಪಶುವೈದ್ಯೆ

ಹೆದರಬೇಡಿ. ಅದು ಫ್ರೇಮ್ ಅನ್ನುವ ಒಂದೇ ಬಗೆಗೆ ಸಂಬಂಧಿಸಿದ್ದು. ಅಮೆರಿಕದ ಪೇಂಟ್ ಕುದುರೆಗಳಲ್ಲಿ ಅದು ಪ್ರಸಿದ್ಧ. ಅದರ ಎರಡು ಪ್ರತಿ ಬಂದರೆ ಮರಿ ಬಿಳಿಯಾಗಿ ಹುಟ್ಟುತ್ತದೆ, ಕರುಳಿನ ನರಗಳು ಬೆಳೆದಿರುವುದಿಲ್ಲ, ಬೇಗ ಸಾಯುತ್ತದೆ. ಟೋಬಿಯಾನೊ ಅನ್ನುವ ಬಗೆಯಲ್ಲಿ ಬಿಳಿ ತೇಪೆ ಬೆನ್ನಿನ ಮೇಲೆ ದಾಟಿ ಹೋಗಿರುತ್ತದೆ, ಕಾಲು ನಾಲ್ಕೂ ಸಾಮಾನ್ಯವಾಗಿ ಬಿಳಿ, ಮುಖದಲ್ಲಿ ಬಣ್ಣ ಉಳಿದಿರುತ್ತದೆ. ಅದಕ್ಕೆ ಈ ಅಪಾಯ ಇಲ್ಲ, ಎರಡು ಪ್ರತಿ ಇದ್ದರೂ ಕುದುರೆ ಆರೋಗ್ಯವಾಗಿರುತ್ತದೆ. ನಿಮ್ಮ ಜೋಡಿಯ ಫೋಟೊ ಎರಡೂ ಬದಿಯಿಂದ ಹಾಕಿ, ನೋಡಿ ಹೇಳುತ್ತೇನೆ. ಸಂಶಯ ಇದ್ದರೆ ಟೆಸ್ಟ್.

ರಾಜ್‌ಕೋಟ್ ಕನ್ನಡಿಗ

ಡಾಕ್ಟರ್, ಬಹಳ ದಿನದಿಂದ ಒಂದು ಪ್ರಶ್ನೆ. ಮಹಾರಾಣಾ ಪ್ರತಾಪರನ್ನು ರಾಜಸ್ಥಾನದಲ್ಲಿ ನೀಲಿ ಕುದುರೆಯ ಸವಾರ ಅನ್ನುತ್ತಾರೆ. 1576ರ ಹಳದಿಘಾಟಿಯ ಚೇತಕ್. ಇಲ್ಲಿನವರು ಚೇತಕ್ ಕಾಠಿಯಾವಾಡಿ ಅನ್ನುತ್ತಾರೆ, ಉದಯಪುರದವರು ಮಾರ್ವಾಡಿ ಅನ್ನುತ್ತಾರೆ, ಆ ಜಗಳ ಬೇಡ. ನೀಲಿ ಅಂದರೆ ಜೀನ್ ಲೆಕ್ಕದಲ್ಲಿ ಏನು?

ಹಳೇ ಸವಾರ

ಈಗ ಚೇತಕ್‌ಗೂ ಟೆಸ್ಟ್ ಮಾಡಿಸಿ!

ಬೀದರ್ ಪಶುವೈದ್ಯೆ

ಟೆಸ್ಟ್ ಮಾಡಲು ಕೂದಲು ಸಿಗಬೇಕಲ್ಲ ಸರ್. ಕಪ್ಪಾಗಿ ಹುಟ್ಟಿದ ಗ್ರೇ ಕುದುರೆ ಅರ್ಧ ನರೆತ ವಯಸ್ಸಿನಲ್ಲಿ ಉಕ್ಕಿನ ನೀಲಿ ಕಾಣುತ್ತದೆ. ಕಪ್ಪು ಮತ್ತು ಬಿಳಿ ಕೂದಲು ಬೆರೆತ ರೋನ್ ಕುದುರೆಯೂ ನೀಲಿಯಾಗಿ ಕಾಣುತ್ತದೆ, ವ್ಯತ್ಯಾಸ ಏನೆಂದರೆ ಅದು ವಯಸ್ಸಾದಂತೆ ಬೆಳ್ಳಗಾಗುವುದಿಲ್ಲ, ತಲೆಯೂ ಕಪ್ಪಾಗಿ ಉಳಿಯುತ್ತದೆ. ಗ್ರೇ ಆಗಿದ್ದರೆ ಚೇತಕ್ ಇನ್ನೂ ಕೆಲವು ವರ್ಷ ಬದುಕಿದ್ದರೆ ಬಿಳಿ ಕುದುರೆ ಅನ್ನಿಸಿಕೊಳ್ಳುತ್ತಿತ್ತು. ಇದಕ್ಕಿಂತ ಹೆಚ್ಚು ಹೇಳಿದರೆ ಕಥೆ ಕಟ್ಟಿದ ಹಾಗೆ.

ಗ್ರೇ ಬಗ್ಗೆ ಇದ್ದಾಗಲೇ ಹೇಳಿಬಿಡುತ್ತೇನೆ, ಇದು ಬಣ್ಣದ ಚೆಂದಕ್ಕಿಂತ ಮುಖ್ಯ. ಮಾರ್ವಾಡಿಯಲ್ಲಿ ಗ್ರೇಗೆ ಬೆಲೆ ಜಾಸ್ತಿ. ಗ್ರೇ ಮಾಡುವುದು ಎಸ್‌ಟಿಎಕ್ಸ್17 ಅನ್ನುವ ಜೀನ್‌ನ ಒಂದು ತುಂಡು ಮತ್ತೆ ಬರೆದುಕೊಂಡಿರುವುದು, 2008ರಲ್ಲಿ ಸಿಕ್ಕಿತು. ಆ ತುಂಡು ಎರಡು ಸಲ ಇದ್ದರೆ ಕುದುರೆ ನಿಧಾನವಾಗಿ ನರೆಯುತ್ತದೆ, ಮೂರು ಸಲ ಇದ್ದರೆ ಬೇಗ ನರೆಯುತ್ತದೆ ಅನ್ನುವುದು 2024ರಲ್ಲಿ ಗೊತ್ತಾದದ್ದು. ಬೇಗ ನರೆಯುವ ಬಗೆಯಲ್ಲೇ ಕಪ್ಪು ಗಂಟುಗಳ ಕಾಟ. ಮೆಲನೋಮ. 15 ವರ್ಷ ದಾಟಿದ ಗ್ರೇ ಕುದುರೆಗಳಲ್ಲಿ ನೂರಕ್ಕೆ 70ರಿಂದ 80ಕ್ಕೆ ಇದು ಕಾಣಿಸಿಕೊಳ್ಳುತ್ತದೆ ಅಂತ ಲೆಕ್ಕ. ಬಾಲದ ಕೆಳಗೆ, ಗುದದ ಸುತ್ತ, ಕಿವಿಯ ಬುಡದಲ್ಲಿ ಕೈಯಾಡಿಸಿ ನೋಡುತ್ತಿರಿ. ಎಷ್ಟೋ ಗಂಟು ವರ್ಷಗಟ್ಟಲೆ ಹಾಗೇ ಇರುತ್ತವೆ, ಕೆಲವು ಕೆಟ್ಟದ್ದಕ್ಕೆ ತಿರುಗುತ್ತವೆ. ಬಣ್ಣ ನೋಡಿ ದುಡ್ಡು ಕೊಟ್ಟವರು ಬಾಲ ಎತ್ತಿ ನೋಡುವುದಿಲ್ಲ.

ನುಕ್ರಾಗೆ ಈ ಕಾಟ ಇಲ್ಲ, ಬೇರೆ ಇದೆ. ಗುಲಾಬಿ ಚರ್ಮ ಬಿಸಿಲಿಗೆ ಸುಡುತ್ತದೆ. ಅಣ್ಣ, ನಿಮ್ಮ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕಟ್ಟಬೇಡಿ. ಮೂತಿಗೆ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ.

ದಿಬ್ಬಣದ ಕುದುರೆ

ಹಚ್ಚುತ್ತೇನೆ ಮೇಡಂ. ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. "ಹಂಗಾದ್ರೆ ಬಿಳಿ ಮರಿ ಬೇಕು ಅಂದ್ರೆ ಏನು ಮಾಡಬೇಕು ಕೇಳು" ಅಂದರು. ಗಂಡಿನವರು ಮಾತ್ರ ಇನ್ನೂ ಒಪ್ಪಿಲ್ಲ. ಮರಿ ಬೇರೆ ಕುದುರೆಯದು ಅಂತಲೇ ಹಠ.

ಬೀದರ್ ಪಶುವೈದ್ಯೆ

ಬಿಳಿ ಮರಿಗೆ: ನಿಮ್ಮ ಹೆಣ್ಣಿನ ಹಾಗೇ ನೀಲಿ ಕಣ್ಣಿನ, ಎರಡು ಕ್ರೀಮ್ ಇರುವ ಗಂಡು ಸಿಕ್ಕರೆ ಹುಟ್ಟುವ ಮರಿಗಳೆಲ್ಲ ಕೆನೆಬಿಳಿ. ಹೊಂಬಣ್ಣದ ಗಂಡೋ, ಕ್ರೀಮ್ ಇರುವ ಸಮಂದ್ ಗಂಡೋ ಆದರೆ ಅರ್ಧಕ್ಕರ್ಧ ಅವಕಾಶ. ಅಪ್ಪಟ ಕೆಂಪು ಗಂಡಿಗೆ ಕೂಡಿಸಿದರೆ ಬಿಳಿ ಬರುವುದೇ ಇಲ್ಲ. ಅವಳೂ ಒಳಗೆ ಪೂರ್ತಿ ಕೆಂಪಾಗಿದ್ದರೆ ಪ್ರತಿ ಸಲ ಹೊಂಬಣ್ಣವೇ. ಈ ಮರಿ ಹೊಂಬಣ್ಣ ಇರುವುದರಿಂದ ಅವಳ ಬಳಿ ಕೆಂಪಿನ ಪ್ರತಿ ಒಂದಾದರೂ ಇರುವುದು ಖಚಿತ, ಎರಡಿದೆಯಾ ಅನ್ನುವುದಕ್ಕೆ ಟೆಸ್ಟ್ ಬೇಕು.

ಗಂಡಿನವರ ಮಾತಿಗೆ: ಎರಡು ಕ್ರೀಮ್ ಇರುವ ಜೋಡಿಗೆ ಹೊಂಬಣ್ಣದ ಮರಿ ಹುಟ್ಟುವುದು ಸಾಧ್ಯವೇ ಇಲ್ಲ. ಅವರ ಗಂಡಿಗೂ ನೀಲಿ ಕಣ್ಣಿದ್ದು ಎರಡು ಕ್ರೀಮ್ ಇದ್ದಿದ್ದರೆ ಅವರ ಅನುಮಾನ ನ್ಯಾಯವಾಗಿತ್ತು. ಕಪ್ಪು ಕಣ್ಣು ಇರುವುದರಿಂದ ಬಣ್ಣವೊಂದನ್ನೇ ನೋಡಿ ಯಾರೂ ಯಾರನ್ನೂ ಕಳ್ಳ ಅನ್ನುವ ಹಾಗಿಲ್ಲ. ಅಪ್ಪ ಯಾರು ಅನ್ನುವುದನ್ನು ಬಣ್ಣ ಸಾಬೀತು ಮಾಡುವುದಿಲ್ಲ, ಕೆಲವರನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ ಅಷ್ಟೇ. ಸಾಬೀತು ಬೇಕಾದರೆ ಮರಿ, ತಾಯಿ, ಗಂಡು ಮೂರರ ಡಿಎನ್‌ಎ. ಗಂಡಿನವರು ಕೂದಲು ಕೊಡಲು ಒಪ್ಪಿದರೆ ಅಲ್ಲಿಗೆ ಜಗಳ ಮುಗಿಯುತ್ತದೆ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಜೂಲು

ಗಂಡು ವಯಸ್ಸಾದ ಗ್ರೇ ಆಗಿದ್ದು, ಮೂತಿಯಲ್ಲಿ ಮಾತ್ರ ಬಿಳಿ ಮಚ್ಚೆಯ ಗುಲಾಬಿ ಇದ್ದಿರಬಹುದಲ್ವಾ? ಆಗಲೂ ಕಣ್ಣು ಕಪ್ಪೇ.

ಬೀದರ್ ಪಶುವೈದ್ಯೆ

ಒಳ್ಳೆ ಪ್ರಶ್ನೆ, ಆಗಬಹುದು. ಮೂತಿ ಬಿಟ್ಟು ಬೇರೆ ಕಡೆ ನೋಡಬೇಕು. ಮೈ ತೊಳೆದಾಗ ಒದ್ದೆ ಕೂದಲಿನ ಕೆಳಗೆ ಚರ್ಮ ಕಪ್ಪು ಕಂಡರೆ ಗ್ರೇ. ಅವರ ಹತ್ತಿರ ಗಂಡಿನ ಮರಿ ವಯಸ್ಸಿನ ಫೋಟೊ ಇದ್ದರೆ ಕೇಳಿ, ಒಂದು ಫೋಟೊ ಸಾಕು. ಹಾಗೇನಾದರೂ ಇದ್ದರೆ ನಿಮ್ಮ ಹೊಂಬಣ್ಣದ ಮರಿಯೂ ಮುಂದೆ ನರೆಯಬಹುದು. ಮೊದಲ ಕೂದಲು ಉದುರುವಾಗ ಕಣ್ಣಿನ ಸುತ್ತ ನೋಡುತ್ತಿರಿ, ಅಲ್ಲಿ ಕನ್ನಡಕದ ಹಾಗೆ ಬಿಳಿ ಕೂದಲು ಬಂದರೆ ಗ್ರೇ ಇದೆ ಅಂತ ಅರ್ಥ.

ದಿಬ್ಬಣದ ಕುದುರೆ

ಫೋಟೊ ಕೇಳುತ್ತೇನೆ. ಟೆಸ್ಟ್‌ಗೆ ರಕ್ತ ತೆಗೆಯಬೇಕಾ? ಮರಿ ಇನ್ನೂ ಚಿಕ್ಕದು.

ಬೀದರ್ ಪಶುವೈದ್ಯೆ

ಬೇಡ, ಕೂದಲು ಸಾಕು. ಅಮೆರಿಕದಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶು ಜೆನೆಟಿಕ್ಸ್ ಲ್ಯಾಬ್ ಸಹ ಕೂದಲಿನಿಂದಲೇ ಬಣ್ಣದ ಟೆಸ್ಟ್ ಮಾಡುತ್ತದೆ. ಇಲ್ಲಿ ಎಲ್ಲಿ ಕೊಡಬಹುದು ಅಂತ ನಿಮ್ಮ ಊರಿನ ಪಶುವೈದ್ಯರ ಮೂಲಕ ವಿಚಾರಿಸಿ, ಕಳಿಸುವ ಕಾಗದಪತ್ರವೂ ಅವರ ಕಡೆಯಿಂದಲೇ ಹೋದರೆ ಒಳ್ಳೆಯದು. ಒಂದು ಎಚ್ಚರಿಕೆ: ಲ್ಯಾಬ್‌ನವರು ಗೊತ್ತಿರುವ ರೂಪಗಳನ್ನು ಮಾತ್ರ ಹುಡುಕುತ್ತಾರೆ. ಬಿಳಿ ಮಾಡುವ ಕಿಟ್ ಜೀನ್‌ನಲ್ಲಿ ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ರೂಪ ಸಿಕ್ಕಿವೆ, ನಮ್ಮ ಮಾರ್ವಾಡಿಯಲ್ಲಿ ಯಾರೂ ಇನ್ನೂ ಹುಡುಕದ ರೂಪ ಇದ್ದರೆ ವರದಿಯಲ್ಲಿ "ಇಲ್ಲ" ಅಂತ ಬರುತ್ತದೆ, ಕುದುರೆ ಮಾತ್ರ ಬಿಳಿಯಾಗೇ ನಿಂತಿರುತ್ತದೆ. ಕ್ರೀಮ್ ಹಾಗಲ್ಲ, ಅದರ ಟೆಸ್ಟ್ ನೇರ. ಮೊದಲು ಅದನ್ನೇ ಮಾಡಿಸಿ.

ಜೂಲಿನಿಂದ ಇಪ್ಪತ್ತು ಮೂವತ್ತು ಕೂದಲು ಕಿತ್ತು ತೆಗೆಯಿರಿ, ಕತ್ತರಿ ಬೇಡ, ಬುಡದ ಗಡ್ಡೆ ಇರಬೇಕು. ಮರಿಯ ಜೂಲು ಮೆತ್ತಗಿರುತ್ತದೆ, ಬುಡ ಬಾರದೆ ತುಂಡಾಗುತ್ತದೆ, ಅದಕ್ಕೆ ಬಾಲದ ಕೂದಲು ತೆಗೆಯಿರಿ. ಒಣ ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ, ಬೆವರುತ್ತದೆ. ತಾಯಿಯದು ಮರಿಯದು ಒಂದೇ ಲಕೋಟೆಗೆ ಹಾಕಿಬಿಡಬೇಡಿ.

ಹಳೇ ಸವಾರ

ಬಾಲದ ಕೂದಲು ಕೀಳುವಾಗ ಹಿಂದೆ ನಿಲ್ಲಬೇಡ ತಮ್ಮಾ, ಪಕ್ಕಕ್ಕೆ ನಿಂತು ಕೀಳು. ಒಬ್ಬರು ತಾಯಿಯನ್ನು ಹಿಡಿದುಕೊಂಡಿರಲಿ. ಮತ್ತೆ ಮರಿಗೆ ಸುಳಿ ಎಲ್ಲಿದೆ ಅಂತ ಫೋಟೊ ಹಾಕು, ಅದನ್ನು ನಾನು ನೋಡುತ್ತೇನೆ.